ಜೆಂಡರ್ ಡಿಸ್ಫೋರಿಯಾ: ಯಾವ ಡಾಕ್ಟರು, ಯಾವ ಚಿಕಿತ್ಸೆ, ಯಾವ ಊರು? ಉಡುಪಿ, ಮಂಗಳೂರಿನವರಿಗೆ ಒಂದು ಹೋಲಿಕೆ

ನನ್ನ ತಮ್ಮನನ್ನು ಹುಟ್ಟಿದಾಗ ಹೆಣ್ಣುಮಗು ಅಂತಲೇ ತೊಟ್ಟಿಲಿಗೆ ಹಾಕಿದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ರಾತ್ರಿ ಅವನು ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, "ಅಕ್ಕ, ಇನ್ನು ನನ್ನಿಂದ ಆಗುವುದಿಲ್ಲ" ಅಂದ. ಎಂತ ಆಗುವುದಿಲ್ಲ ಅಂತ ಕೇಳಿದೆ. ತಾನು ಹೆಣ್ಣಲ್ಲ, ಗಂಡು ಅಂತ ಹೇಳಲು ಅವನಿಗೆ ಒಂದು ಗಂಟೆ ಬೇಕಾಯಿತು. ಅರ್ಥ ಮಾಡಿಕೊಳ್ಳಲು ನನಗೆ ಅದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಆಮೇಲೆ ನಾಲ್ಕು ವರ್ಷ ನಾವಿಬ್ಬರು ಉಡುಪಿ, ಮಣಿಪಾಲ, ಮಂಗಳೂರು, ಬೆಂಗಳೂರು ಅಂತ ಓಡಾಡಿದ್ದೇವೆ.

ಈಗ ತಿಂಗಳಿಗೆ ಒಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. ಕೆಲವೊಮ್ಮೆ ಸ್ವತಃ ಮಕ್ಕಳೇ, ಕೆಲವೊಮ್ಮೆ ಅವರ ಅಮ್ಮಂದಿರು. ಪ್ರಶ್ನೆ ಒಂದೇ: "ಎಲ್ಲಿಗೆ ಹೋಗುವುದು?" ನಾನು ಡಾಕ್ಟರಲ್ಲ. ಔಷಧದ ಚೀಟಿ ಬರೆಯುವುದು ಅವರ ಕೆಲಸ. ಆದರೆ ಯಾವ ದಾರಿಗೆ ಎಂತ ಗುಣ, ಎಂತ ತೊಂದರೆ ಅಂತ ಹೋಲಿಸಿ ಹೇಳುವಷ್ಟು ನೋಡಿದ್ದೇನೆ, ಓದಿದ್ದೇನೆ.

ನಾನು ಯಾವ ದಾರಿಯನ್ನು ಅಳೆಯುವುದಿದ್ದರೂ ಎರಡೇ ಪ್ರಶ್ನೆ ಕೇಳುತ್ತೇನೆ. ಬೇಡ ಅನಿಸಿದರೆ ಇದನ್ನು ಹಿಂದೆ ತಿರುಗಿಸಲು ಆಗುತ್ತದಾ? ಮೂರು ತಿಂಗಳು ಕಳೆದ ಮೇಲೆ ನನ್ನನ್ನು ಕೂರಿಸಿ ನೋಡುವವರು ಯಾರು? ಎರಡನೆಯದಕ್ಕೆ ಉತ್ತರ ಇಲ್ಲದ ಚಿಕಿತ್ಸೆ ಎಷ್ಟೇ ಒಳ್ಳೆಯದಿದ್ದರೂ ನಾನು ಬೇಡ ಅನ್ನುತ್ತೇನೆ.

ಮೊದಲು ಚೀಟಿಯಲ್ಲಿ ಬರೆಯುವ ಹೆಸರು

ಕೆಲವು ಡಾಕ್ಟರು 'ಜೆಂಡರ್ ಡಿಸ್ಫೋರಿಯಾ' ಅಂತ ಬರೆಯುತ್ತಾರೆ, ಕೆಲವರು 'ಜೆಂಡರ್ ಇನ್‌ಕಾಂಗ್ರುಯೆನ್ಸ್' ಅಂತ. ಎರಡು ಬೇರೆ ಕಾಯಿಲೆ ಅಂತ ಹೆದರಬೇಡಿ. ಮೊದಲನೆಯದು ಅಮೆರಿಕದ ಮನೋವೈದ್ಯರ ಕೈಪಿಡಿಯ ಪದ. 2013ರಲ್ಲಿ ಅವರು 'ಡಿಸಾರ್ಡರ್' ಅನ್ನುವ ಹಳೆಯ ಹೆಸರು ಬಿಟ್ಟು ಇದನ್ನು ತಂದರು. ಕಾಯಿಲೆ ಅನ್ನುವುದು ಆ ಮನುಷ್ಯ ಯಾರು ಅನ್ನುವುದರಲ್ಲಿ ಇಲ್ಲ, ದೇಹಕ್ಕೂ ಮನಸ್ಸಿಗೂ ಹೊಂದಿಕೆಯಾಗದೆ ಆಗುವ ಸಂಕಟವನ್ನು ನೋಡಬೇಕು ಅಂತ ಅದರ ಅರ್ಥ. ಆ ಸಂಕಟ ಕಡಿಮೆಯೆಂದರೆ ಆರು ತಿಂಗಳಿಂದ ಇರಬೇಕು ಅಂತಲೂ ಉಂಟು. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪದ. 2022ರ ಜನವರಿಯಿಂದ ಜಾರಿಗೆ ಬಂದ ಆ ಹೊಸ ಪಟ್ಟಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹಾಕಿತು. ಮನೆಯಲ್ಲಿ ಯಾರಾದರೂ "ಹುಚ್ಚು" ಅಂದರೆ ಇದನ್ನು ಹೇಳಿ. ನಮ್ಮ ಮಾವನಿಗೆ ನಾನು ಹೇಳಿದ್ದು ಇದನ್ನೇ, ಅವರು ಅವತ್ತು ಒಪ್ಪಲಿಲ್ಲ, ಆದರೆ ಮತ್ತೆ ಆ ಪದ ಬಳಸಲಿಲ್ಲ.

ಟ್ರಾನ್ಸ್ ಆದವರೆಲ್ಲರಿಗೂ, ಅಂದರೆ ಹುಟ್ಟಿದಾಗ ಬರೆದ ಲಿಂಗ ತಮ್ಮದಲ್ಲ ಅನ್ನುವವರೆಲ್ಲರಿಗೂ, ಈ ಸಂಕಟ ಇರುವುದಿಲ್ಲ. ಇದ್ದವರೆಲ್ಲರಿಗೂ ಆಪರೇಷನ್ ಬೇಡ. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಮೊದಲ ದಿನವೇ ಕೊನೆಯ ಮೆಟ್ಟಿಲಿನ ಬಗ್ಗೆ ಜಗಳ ಆಡುತ್ತಾರೆ.

ಮೊದಲ ಭೇಟಿ ಯಾರ ಹತ್ತಿರ?

ನಮ್ಮ ಅಮ್ಮ ಮೊದಲು ಹೋದದ್ದು ಜೋಯಿಸರ ಮನೆಗೆ, ಪ್ರಶ್ನೆ ಇಡಿಸಲು. ನಮ್ಮ ಊರಿನಲ್ಲಿ ಎಷ್ಟೋ ಮನೆಯವರು ಹಾಗೆಯೇ ಮಾಡುತ್ತಾರೆ. ಹರಕೆ ಹೊತ್ತರೆ ನನ್ನದೇನೂ ತಕರಾರಿಲ್ಲ. ಆದರೆ ಹೊಡೆಯುವುದು, ಉಪವಾಸ ಕೂರಿಸುವುದು, ಬೇಗ ಮದುವೆ ಮಾಡಿಬಿಡುವುದು, ಇವು ಯಾವುದೂ ಪರಿಹಾರವಲ್ಲ.

ಎರಡನೆಯದಾಗಿ ನಾವು ಹೋದದ್ದು ಒಂದು ಕ್ಲಿನಿಕ್ಕಿಗೆ. ಅಲ್ಲಿನವರು ಹತ್ತು ನಿಮಿಷ ಮಾತಾಡಿಸಿ "ಮದುವೆಯಾದ ಮೇಲೆ ಎಲ್ಲ ಸರಿಯಾಗುತ್ತದೆ, ಹತ್ತು ಸಿಟ್ಟಿಂಗ್ ಬನ್ನಿ, ನಾನು ಸರಿ ಮಾಡುತ್ತೇನೆ" ಅಂದರು. ತಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಚಪ್ಪಲಿ ಹಾಕಿಕೊಳ್ಳಲೂ ಅವನ ಕೈ ಆಡುತ್ತಿರಲಿಲ್ಲ.

ಹಾಗಾಗಿ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಮನಸ್ಸನ್ನು ತಿರುಗಿಸಿ "ಸರಿ ಮಾಡುತ್ತೇನೆ" ಅನ್ನುವವರ ಹತ್ತಿರ ಎರಡನೇ ಸಲ ಹೋಗಬೇಡಿ. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಚಿಕಿತ್ಸೆಗೆ ತಡೆ ಹಾಕಬೇಕು ಅಂದಿತು. ಅದಾದ ಮೇಲೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೈದ್ಯರ ದುರ್ನಡತೆ ಅಂತ ಘೋಷಿಸಿ ಎಲ್ಲ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ಬರೆಯಿತು. ಅಂದರೆ ದೂರು ಕೊಡಲು ಜಾಗ ಉಂಟು.

ಹಾಗಾದರೆ ಸರಿಯಾದ ಜಾಗ? ನಮ್ಮ ಪುಣ್ಯಕ್ಕೆ ಈ ಎರಡು ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲ. ಮಣಿಪಾಲದ ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯಲ್ಲೇ ಒಂದಕ್ಕಿಂತ ಜಾಸ್ತಿ, ಕುಂಟಿಕಾನದಲ್ಲಿ ಒಂದು. ಸರ್ಕಾರಿ ಬೇಕಾದರೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ.

ದೊಡ್ಡ ಕಾಲೇಜು ಆಸ್ಪತ್ರೆಯ ಲಾಭ ಎಂತ ಅಂದರೆ ಮನೋವೈದ್ಯರು, ಸೈಕಾಲಜಿಸ್ಟ್, ರಕ್ತಪರೀಕ್ಷೆ, ಸ್ತ್ರೀರೋಗ ವಿಭಾಗ, ಪ್ಲಾಸ್ಟಿಕ್ ಸರ್ಜರಿ ಎಲ್ಲ ಒಂದೇ ಕಾಂಪೌಂಡಿನೊಳಗೆ. ಒಂದೇ ಫೈಲ್. ತೊಂದರೆ ಎಂತ ಅಂದರೆ ಒಪಿಡಿಯಲ್ಲಿ ಪ್ರತಿ ಸಲ ಬೇರೆ ಪಿಜಿ ಡಾಕ್ಟರು ಬಂದು ಮೊದಲಿನಿಂದ ಕಥೆ ಕೇಳುತ್ತಾರೆ, ಕೆಲವೊಮ್ಮೆ ನಾಲ್ಕು ವಿದ್ಯಾರ್ಥಿಗಳು ಸುತ್ತ ನಿಂತಿರುತ್ತಾರೆ. "ವಿದ್ಯಾರ್ಥಿಗಳು ಬೇಡ" ಅಂತ ಹೇಳುವ ಹಕ್ಕು ನಿಮಗೆ ಉಂಟು, ಹೇಳಿ. ಖಾಸಗಿ ಮನೋವೈದ್ಯರಲ್ಲಿ ಒಬ್ಬರೇ ಕೊನೆಯವರೆಗೂ ನೋಡುತ್ತಾರೆ, ಗುಟ್ಟು ಉಳಿಯುತ್ತದೆ, ಆದರೆ ಮುಂದಿನ ಪ್ರತಿ ಹೆಜ್ಜೆಗೂ ಬೇರೆ ಕಡೆಗೆ ಚೀಟಿ ಹಿಡಿದು ಓಡಬೇಕು. ಸರ್ಕಾರಿಯಲ್ಲಿ ಹಣ ಉಳಿಯುತ್ತದೆ, ಕಾಯುವುದು ಜಾಸ್ತಿ.

ಮನೆಯಲ್ಲಿ ಒತ್ತಾಸೆ ಇದ್ದವರಿಗೆ ಕಾಲೇಜು ಆಸ್ಪತ್ರೆ, ಒಬ್ಬರೇ ಓಡಾಡುವವರಿಗೆ ಮೊದಲು ಖಾಸಗಿ ಮನೋವೈದ್ಯರು ಅಂತ ನಾನು ಹೇಳುವುದು. ಒಬ್ಬರೇ ಇದ್ದಾಗ ಒಂದು ಪರಿಚಿತ ಮುಖ ತುಂಬಾ ದೊಡ್ಡದು.

ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಒಂದು ಮಾತು ಕೇಳಿ: "ಡಾಕ್ಟರು ಇದಕ್ಕೆ ಮುಂಚೆ ಟ್ರಾನ್ಸ್ ಪೇಷಂಟುಗಳನ್ನು ನೋಡಿದ್ದಾರಾ?" ಆ ಕಡೆಯವರು ನುಂಗಿಕೊಂಡು ಮಾತಾಡಿದರೆ ಬೇರೆ ನಂಬರ್ ಹುಡುಕಿ. ಇವತ್ತು ರಾತ್ರಿಯೇ ಬದುಕು ಬೇಡ ಅನಿಸುತ್ತಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಊರಿನಲ್ಲೋ, ಬೆಂಗಳೂರಿನಲ್ಲೋ, ಫೋನಿನಲ್ಲೋ?

ಬೆಂಗಳೂರಿನಲ್ಲಿ ಅನುಭವ ಇರುವವರು ಜಾಸ್ತಿ, ಇದು ನಿಜ. ಆದರೆ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಕಾದು, ಹದಿನೈದು ನಿಮಿಷ ಡಾಕ್ಟರನ್ನು ನೋಡಿ, ಮತ್ತೆ ರಾತ್ರಿ ಬಸ್ಸು. ಎರಡು ದಿನದ ರಜೆ ಹೋಯಿತು. ಮೊದಲ ವರ್ಷ ಹಾರ್ಮೋನ್ ತೆಗೆದುಕೊಳ್ಳುವವರು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಇಷ್ಟು ಸಲ ಘಟ್ಟ ಹತ್ತಿ ಇಳಿಯಲು ಎಷ್ಟು ಜನರಿಂದ ಆಗುತ್ತದೆ? ಎರಡನೇ ಸಲಕ್ಕೇ ಬಿಟ್ಟುಬಿಡುತ್ತಾರೆ. ಔಷಧ ಮಾತ್ರ ಬಿಡುವುದಿಲ್ಲ. ಅಪಾಯ ಶುರುವಾಗುವುದು ಅಲ್ಲಿ.

ವಿಡಿಯೋದಲ್ಲಿ ಮಾತಾಡುವ ಡಾಕ್ಟರು ಕೌನ್ಸೆಲಿಂಗ್‌ಗೆ ಒಳ್ಳೆಯದು. ಮನೆಯಲ್ಲಿ ಗೋಡೆಗೂ ಕಿವಿ ಇದ್ದರೆ ಕಡಲ ದಂಡೆಗೆ ಹೋಗಿ ಮಾತಾಡಿ, ನನ್ನ ತಮ್ಮ ಮಲ್ಪೆಯಲ್ಲಿ ಕೂತು ಮಾತಾಡುತ್ತಿದ್ದ. ಆದರೆ ಹಾರ್ಮೋನ್ ಶುರು ಮಾಡುವವರು ಒಂದು ಸಲವಾದರೂ ನಿಮ್ಮ ಬಿಪಿ ನೋಡಿರಬೇಕು, ಊದಿದೆಯಾ ಅಂತ ಕಾಲು ಮುಟ್ಟಿ ನೋಡಿರಬೇಕು.

ನಾವು ಕೊನೆಗೆ ಮಾಡಿದ್ದು ಎರಡನ್ನೂ ಸೇರಿಸಿದ್ದು. ಮೊದಲ ತೀರ್ಮಾನ ಬೆಂಗಳೂರಿನ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರದ್ದು, ಮೂರು ತಿಂಗಳ ಫಾಲೋಅಪ್ ಇಲ್ಲಿಯ ಒಬ್ಬ ಎಂಡಿ ಡಾಕ್ಟರದ್ದು. ಅವರಿಗೆ ಇದರಲ್ಲಿ ಅನುಭವ ಇರಲಿಲ್ಲ. "ಓದಿಕೊಳ್ಳುತ್ತೇನೆ, ರಿಪೋರ್ಟ್ ತನ್ನಿ" ಅಂದರು. ನಿಜವಾಗಿ ಓದಿಕೊಂಡರು. ನನ್ನ ಮಟ್ಟಿಗೆ ಅಂಥವರು ಸಿಕ್ಕಿದರೆ ದೊಡ್ಡ ಬೋರ್ಡು ಹಾಕಿದವರಿಗಿಂತ ಮೇಲು.

ಒಂದು ಮಾತು ಬಸ್ಸಿನ ಬಗ್ಗೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೂ ಟಿಕೆಟ್ಟಿಗೆ ಹಣ ಇಲ್ಲ. ಆದರೆ ಅದು ಸಾಮಾನ್ಯ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಊರಿನ ರಸ್ತೆಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ ಅಲ್ವಾ. ತಿಂಗಳ ಲೆಕ್ಕ ಹಾಕುವಾಗ ಬಸ್ಸಿನ ಹಣವನ್ನೂ ಸೇರಿಸಿಕೊಳ್ಳಿ.

ಔಷಧವೇ ಇಲ್ಲದ ದಾರಿ

ಹೆಸರು, ಬಟ್ಟೆ, ಕೂದಲು, ಮನೆಯವರು ಕರೆಯುವ ರೀತಿ. ಇದಕ್ಕೆ ಹಣ ಬೇಡ, ಪೂರ್ತಿ ಹಿಂದೆ ತಿರುಗಿಸಬಹುದು. ಕೆಲವರಿಗೆ ಇಷ್ಟೇ ಸಾಕಾಗುತ್ತದೆ. ಸಾಕಾಗದವರಿಗೂ ಮೊದಲು ಇದನ್ನು ಮಾಡಿ ನೋಡಿದರೆ ಮುಂದಿನದು ಬೇಕಾ ಅಂತ ತಮಗೇ ಗೊತ್ತಾಗುತ್ತದೆ. ತಮ್ಮನನ್ನು ನಾನು ಮೊದಲ ಸಲ "ತಮ್ಮ" ಅಂತ ಕರೆದದ್ದು ಅನ್ನ ಬಡಿಸುವಾಗ, ಯೋಚನೆ ಮಾಡದೆ. ಅವನು ತಲೆ ತಗ್ಗಿಸಿ ಊಟ ಮಾಡುತ್ತಲೇ ಇದ್ದ. ಅವತ್ತು ಎರಡು ಸಲ ಬಡಿಸಿಕೊಂಡ.

ಎದೆ ಬಿಗಿಯುವ ಬೈಂಡರ್ ಬಗ್ಗೆ ಎಚ್ಚರಿಕೆ ಬೇಕು. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ, ಉಸಿರಾಡಿದ ಹಾಗೆಲ್ಲ ಅದು ಬಿಗಿಯಾಗುತ್ತಾ ಹೋಗಿ ಪಕ್ಕೆಲುಬಿಗೆ ಪೆಟ್ಟು ಕೊಡುತ್ತದೆ. ಅಳತೆಗೆ ಸರಿಯಾದ ಬೈಂಡರ್ ತೆಗೆದುಕೊಳ್ಳಿ, ದಿನಕ್ಕೆ ಎಂಟು ಗಂಟೆಗಿಂತ ಜಾಸ್ತಿ ಬೇಡ, ಹಾಕಿಕೊಂಡು ಮಲಗಬೇಡಿ. ಎಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಎಂಟು ಗಂಟೆಯೂ ಜಾಸ್ತಿಯೇ. ತಮ್ಮನಿಗೆ ಕಂಕುಳ ಕೆಳಗೆ ಕೆಂಪಗೆ ಗೆರೆ ಎದ್ದು, ಬೆವರು ಒಣಗದೆ ಫಂಗಸ್ ಆಗಿ, ಒಂದು ತಿಂಗಳು ಮುಲಾಮು ಹಚ್ಚಿದ್ದೇವೆ. ಎರಡು ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಒಂದು ಒಣಗುವುದೇ ಇಲ್ಲ.

ಧ್ವನಿಗೆ ಬೇರೆ ದಾರಿ ಉಂಟು. ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ತೆಗೆದುಕೊಂಡರೆ ಧ್ವನಿ ತೆಳುವಾಗುವುದಿಲ್ಲ, ಗಡ್ಡವೂ ಹೋಗುವುದಿಲ್ಲ. ಗಡ್ಡಕ್ಕೆ ಲೇಸರ್, ಧ್ವನಿಗೆ ಸ್ಪೀಚ್ ಥೆರಪಿ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಸ್ಪೀಚ್ ಅಂಡ್ ಹಿಯರಿಂಗ್ ಕಲಿಸುವ ಕಾಲೇಜುಗಳು ಉಂಟು, ಅಲ್ಲಿ ಹೋಗಿ ಕೇಳಿ. ಟ್ರಾನ್ಸ್ ಹೆಣ್ಣುಮಕ್ಕಳು ಈ ಬಾಗಿಲನ್ನು ಯಾಕೋ ತಟ್ಟುವುದೇ ಇಲ್ಲ.

ಹಾರ್ಮೋನ್: ಇಲ್ಲಿ ನಿಧಾನವಾಗಿ ಓದಿ

ಮೊದಲನೆಯ ಹೋಲಿಕೆ ಡಾಕ್ಟರಿಗೂ ಮೆಡಿಕಲ್ ಶಾಪಿಗೂ. ಆಸ್ಪತ್ರೆಯಲ್ಲಿ ನಮ್ಮ ಜೊತೆ ಕಾಯುತ್ತಿದ್ದ ಸುರತ್ಕಲ್ ಕಡೆಯ ಒಬ್ಬ ಟ್ರಾನ್ಸ್ ಹುಡುಗಿ ಎರಡು ವರ್ಷ ಗರ್ಭನಿರೋಧಕ ಮಾತ್ರೆ ನುಂಗಿದ್ದಳು, ದಿನಕ್ಕೆ ಮೂರು, ನಾಲ್ಕು. ಯಾರೋ ಹೇಳಿದ್ದರಂತೆ. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಈಸ್ಟ್ರಾಡಿಯೋಲ್. ರಕ್ತ ಹೆಪ್ಪುಗಟ್ಟಿಸುವ ಅಪಾಯ ಜಾಸ್ತಿ ಅಂತ ಡಾಕ್ಟರು ಟ್ರಾನ್ಸ್ ಮಹಿಳೆಯರಿಗೆ ಇದನ್ನು ಕೊಡುವುದಿಲ್ಲ. ಕೊಡುವುದು ಬರೀ ಈಸ್ಟ್ರಾಡಿಯೋಲ್. ಹೆಸರು ಹತ್ತಿರ, ಔಷಧ ಬೇರೆ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದ ಹಾಗೆ ಎದೆನೋವು, ಉಸಿರುಕಟ್ಟು ಬಂದರೆ ಸೀದಾ ಕ್ಯಾಶುವಾಲ್ಟಿಗೆ ಹೋಗಿ, ನುಂಗುತ್ತಿರುವ ಮಾತ್ರೆಯ ಹೆಸರು ಮುಚ್ಚಿಡದೆ ಹೇಳಿ.

ಈಸ್ಟ್ರಾಡಿಯೋಲ್‌ನಲ್ಲೂ ಆಯ್ಕೆ ಉಂಟು. ಮಾತ್ರೆ ಸುಲಭ, ಅಗ್ಗ. ಚರ್ಮದ ಮೂಲಕ ಹೋಗುವ ಜೆಲ್ ಅಥವಾ ಪ್ಯಾಚಿನಲ್ಲಿ ಹೆಪ್ಪುಗಟ್ಟುವ ಅಪಾಯ ಕಡಿಮೆ. ವಯಸ್ಸು ನಲವತ್ತು ದಾಟಿದವರು, ಸಿಗರೇಟ್ ಸೇದುವವರು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ ಅಂಥವರು ಜೆಲ್ ಬಗ್ಗೆ ಕೇಳಿ. ನಮ್ಮ ಬೆವರಿಗೆ ಪ್ಯಾಚ್ ಎದ್ದು ಬರುತ್ತದೆ ಅಂತ ಆ ಹುಡುಗಿ ಹೇಳಿದಳು.

ಇದರ ಜೊತೆ ಟೆಸ್ಟೋಸ್ಟಿರೋನ್ (ಗಂಡಿನ ಹಾರ್ಮೋನ್) ತಗ್ಗಿಸಲು ಇನ್ನೊಂದು ಔಷಧ ಕೊಡುತ್ತಾರೆ. ನಮ್ಮ ಕಡೆ ಜಾಸ್ತಿ ಬರೆಯುವುದು ಸ್ಪೈರನೊಲ್ಯಾಕ್ಟೋನ್. ಬಿಪಿ ಇಳಿಸುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ರಕ್ತದಲ್ಲಿ ಪೊಟ್ಯಾಶಿಯಂ ಏರಿಸುತ್ತದೆ. ಈ ಮೂರನೆಯದನ್ನು ಕರಾವಳಿಯವರು ಗಮನಿಸಬೇಕು. ಸೆಕೆ ಅಂತ ದಿನಕ್ಕೆ ಎರಡು ಬೊಂಡ (ಎಳನೀರು) ಕುಡಿಯುತ್ತೇವಲ್ಲ, ಅದರಲ್ಲಿ ಪೊಟ್ಯಾಶಿಯಂ ತುಂಬಾ ಉಂಟು. ದಿನಾ ಬೊಂಡ ಕುಡಿಯುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ, ಪೊಟ್ಯಾಶಿಯಂ ಪರೀಕ್ಷೆ ತಪ್ಪಿಸಬೇಡಿ. ಸೈಪ್ರೊಟಿರೋನ್ ಇನ್ನೊಂದು ಆಯ್ಕೆ, ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಜಾಸ್ತಿ ಡೋಸ್ ತುಂಬಾ ಕಾಲ ತೆಗೆದುಕೊಂಡವರಲ್ಲಿ ಮೆದುಳಿನ ಹೊರಪದರದ ಗಡ್ಡೆಯ ಅಪಾಯ ಕಂಡಿದೆ ಅಂತ ಯುರೋಪಿನ ಔಷಧ ನಿಯಂತ್ರಕರು 2020ರಲ್ಲಿ ಎಚ್ಚರಿಸಿದ್ದಾರೆ. ಬರೆದುಕೊಟ್ಟರೆ "ಎಷ್ಟು ಕಡಿಮೆ ಡೋಸ್ ಸಾಕು?" ಅಂತ ಕೇಳಿ.

ಟ್ರಾನ್ಸ್ ಗಂಡಸರಿಗೆ, ಅಂದರೆ ನನ್ನ ತಮ್ಮನಂಥವರಿಗೆ, ಟೆಸ್ಟೋಸ್ಟಿರೋನ್. ಮೂರು ದಾರಿ. ಎರಡು ಮೂರು ವಾರಕ್ಕೊಮ್ಮೆ ಕೊಡುವ ಚಿಕ್ಕ ಇಂಜೆಕ್ಷನ್, ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಕೊಡುವ ದೊಡ್ಡ ಇಂಜೆಕ್ಷನ್, ದಿನಾ ಹಚ್ಚುವ ಜೆಲ್. ಜೆಲ್ ಸಮ ಪ್ರಮಾಣದಲ್ಲಿ ಹೋಗುತ್ತದೆ, ಆದರೆ ಹಚ್ಚಿದ ಜಾಗ ಬೇರೆಯವರ ಮೈಗೆ ತಾಗಿದರೆ ಅವರಿಗೂ ಹೋಗುತ್ತದೆ. ನನ್ನ ಮಗಳು ಆಗ ಎರಡು ವರ್ಷದವಳು, ಸದಾ ಅವನ ಹೆಗಲ ಮೇಲೆ. ಹಾಗಾಗಿ ಜೆಲ್ ಬೇಡ ಅಂತಾಯಿತು. ದೊಡ್ಡ ಇಂಜೆಕ್ಷನ್ನಿಗೆ ವರ್ಷಕ್ಕೆ ನಾಲ್ಕೈದು ಸಲ ಹೋದರೆ ಸಾಕು, ಆದರೆ ಮೈಗೆ ಒಗ್ಗದಿದ್ದರೆ ತಿಂಗಳುಗಟ್ಟಲೆ ಒಳಗೇ ಇರುತ್ತದೆ, ಹೊರಗೆ ತೆಗೆಯಲು ಆಗುವುದಿಲ್ಲ. ನನ್ನ ಮೊದಲ ಪ್ರಶ್ನೆಗೆ ಅದು ಸೋಲುತ್ತದೆ. ಚಿಕ್ಕದರಲ್ಲಿ ಶುರು ಮಾಡಿ, ಒಗ್ಗಿದ ಮೇಲೆ ದೊಡ್ಡದಕ್ಕೆ ಹೋಗಿ. ಚಿಕ್ಕದರಲ್ಲಿ ಇಂಜೆಕ್ಷನ್ ಆದ ವಾರ ಉತ್ಸಾಹ, ಮುಂದಿನದು ಬರುವ ಹೊತ್ತಿಗೆ ಸಿಡಿಮಿಡಿ, ಇದು ಮನೆಯವರಿಗೆ ಗೊತ್ತಿದ್ದರೆ ಜಗಳ ಕಡಿಮೆ. ಸಸ್ಟನಾನ್ ಅನ್ನುವ ಇಂಜೆಕ್ಷನ್ನಿನಲ್ಲಿ ನೆಲಗಡಲೆ ಎಣ್ಣೆ ಉಂಟು, ನೆಲಗಡಲೆ ಅಲರ್ಜಿ ಇದ್ದವರು ಮೊದಲೇ ಹೇಳಿ.

ಯಾವುದು ಹಿಂದೆ ತಿರುಗುತ್ತದೆ, ಯಾವುದು ಇಲ್ಲ ಅಂತ ಸಹಿ ಹಾಕುವ ಮುಂಚೆ ಗೊತ್ತಿರಬೇಕು. ಟೆಸ್ಟೋಸ್ಟಿರೋನ್ ನಿಲ್ಲಿಸಿದರೆ ಸಾಮಾನ್ಯವಾಗಿ ಮುಟ್ಟು ಮತ್ತೆ ಬರುತ್ತದೆ, ಮೈಯ ಕೊಬ್ಬು ಮೊದಲಿನ ಜಾಗಕ್ಕೆ ಹೋಗುತ್ತದೆ. ದಪ್ಪವಾದ ಧ್ವನಿ ಮತ್ತೆ ತೆಳುವಾಗುವುದಿಲ್ಲ, ಬಂದ ಗಡ್ಡ ಹೋಗುವುದಿಲ್ಲ. ಈಸ್ಟ್ರೋಜನ್‌ನಿಂದ ಬೆಳೆದ ಸ್ತನವೂ ಹಾಗೆಯೇ. ಮುಂದೆ ಸ್ವಂತ ಮಗು ಬೇಕು ಅನಿಸಬಹುದಾದರೆ ವೀರ್ಯ ಅಥವಾ ಅಂಡಾಣು ಶೇಖರಿಸಿಡುವ ಮಾತನ್ನು ಹಾರ್ಮೋನ್ ಶುರುವಾಗುವ ಮೊದಲೇ ಆಡಿ. ಇನ್ನೊಂದು: ಮುಟ್ಟು ನಿಂತಿದೆ ಅಂದರೆ ಗರ್ಭ ನಿಲ್ಲುವುದಿಲ್ಲ ಅಂತಲ್ಲ. ಟೆಸ್ಟೋಸ್ಟಿರೋನ್ ಗರ್ಭನಿರೋಧಕ ಅಲ್ಲ.

ಮೂರು ತಿಂಗಳ ರಕ್ತ ಪರೀಕ್ಷೆಯಲ್ಲಿ ಟ್ರಾನ್ಸ್ ಗಂಡಸರು ಹುಡುಕಬೇಕಾದ್ದು ಹಿಮಟೋಕ್ರಿಟ್ ಅನ್ನುವ ಸಾಲು. ರಕ್ತ ದಪ್ಪವಾಗುತ್ತಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ತಮ್ಮನದ್ದು ಒಂದು ಸಲ ಏರಿತ್ತು. ಇಲ್ಲಿಯ ಡಾಕ್ಟರು ಆ ಸಾಲಿಗೆ ಪೆನ್ನಿನಲ್ಲಿ ಸುತ್ತು ಹಾಕಿ, ಬೆಂಗಳೂರಿಗೆ ತಾವೇ ಫೋನ್ ಮಾಡಿ, ಇಂಜೆಕ್ಷನ್ನಿನ ಅಂತರ ಬದಲಿಸಿದರು. ಊರಿನಲ್ಲಿ ನೋಡುವವರು ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇಷ್ಟೆಲ್ಲ ಮಾಡಿ ಲಾಭ ಉಂಟಾ? ಸಂಶೋಧನೆ ಎಂತ ಹೇಳುತ್ತದೆ? ಹೆಚ್ಚಿನ ಅಧ್ಯಯನಗಳು ಚಿಕಿತ್ಸೆ ಪಡೆದವರನ್ನು ಸುಮ್ನೆ ಮುಂಚೆ, ಆಮೇಲೆ ಅಂತ ನೋಡಿದವು. ಅದರಲ್ಲಿ ಔಷಧದ ಗುಣ ಎಷ್ಟು, ಉಳಿದದ್ದು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಅದಕ್ಕೇ 2023ರಲ್ಲಿ ಮೆಲ್ಬರ್ನ್‌ನಿಂದ ಬಂದ ಅಧ್ಯಯನ ನನಗೆ ಮುಖ್ಯ ಅನಿಸುತ್ತದೆ. 64 ವಯಸ್ಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಟೆಸ್ಟೋಸ್ಟಿರೋನ್ ಕೂಡಲೇ, ಇನ್ನೊಂದಕ್ಕೆ ಮೂರು ತಿಂಗಳು ಕಾದ ಮೇಲೆ, ಅಲ್ಲಿ ಹೇಗೂ ಅಷ್ಟು ಕಾಯಬೇಕಿತ್ತು. ಕೂಡಲೇ ಪಡೆದವರಲ್ಲಿ ಡಿಸ್ಫೋರಿಯಾ, ಖಿನ್ನತೆ, ಸಾಯುವ ಯೋಚನೆ ಮೂರೂ ಇಳಿದವು. ಗುಂಪು ಚಿಕ್ಕದು, ಕಾಲ ಮೂರೇ ತಿಂಗಳು, ಯಾರಿಗೆ ಔಷಧ ಸಿಕ್ಕಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಇದನ್ನೂ ತಿಳಿದೇ ಹೇಳುತ್ತಿದ್ದೇನೆ: ವಯಸ್ಕರ ವಿಷಯದಲ್ಲಿ ಇದು ಒಳ್ಳೆಯ ಪುರಾವೆ.

ಹದಿನೆಂಟರ ಒಳಗಿನ ಮಕ್ಕಳು

ಇಲ್ಲಿ ನಾನು ಧ್ವನಿ ತಗ್ಗಿಸುತ್ತೇನೆ. ಡಾಕ್ಟರುಗಳ ನಡುವೆಯೇ ದೊಡ್ಡ ಭಿನ್ನಾಭಿಪ್ರಾಯ ಉಂಟು. ಇಂಗ್ಲೆಂಡಿನಲ್ಲಿ ಮಕ್ಕಳ ತಜ್ಞೆ ಹಿಲರಿ ಕಾಸ್ 2024ರ ಎಪ್ರಿಲ್‌ನಲ್ಲಿ ಕೊಟ್ಟ ವರದಿ, ಪ್ರೌಢಾವಸ್ಥೆ ತಡೆಯುವ ಔಷಧಗಳಿಗೆ ಇರುವ ಪುರಾವೆ ದುರ್ಬಲ ಅಂದಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಅವನ್ನು ಮಾಮೂಲಿಯಾಗಿ ಕೊಡುವುದನ್ನು ಅದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸಿತ್ತು. ಸ್ವೀಡನ್, ಫಿನ್ಲೆಂಡ್ ಕೂಡ ಬಿಗಿ ಮಾಡಿದವು. ಇನ್ನೊಂದು ಕಡೆ, ಅಮೆರಿಕದ ಮಕ್ಕಳ ವೈದ್ಯರ ಸಂಘವೂ, ಡಬ್ಲ್ಯುಪ್ಯಾತ್ ಅನ್ನುವ, ಟ್ರಾನ್ಸ್ ಆರೋಗ್ಯ ನೋಡುವವರ ಅಂತರರಾಷ್ಟ್ರೀಯ ಸಂಘವೂ ಎಚ್ಚರಿಕೆಯಿಂದ, ಮಗುವನ್ನು ನೋಡಿ ಕೊಡಬಹುದು ಅನ್ನುತ್ತವೆ. ಅಮೆರಿಕದಲ್ಲಿ 12ರಿಂದ 20 ವಯಸ್ಸಿನ 315 ಮಂದಿಗೆ ಹಾರ್ಮೋನ್ ಕೊಟ್ಟು ಎರಡು ವರ್ಷ ನೋಡಿದ ಅಧ್ಯಯನ 2023ರಲ್ಲಿ ಬಂತು. ಸರಾಸರಿಯಲ್ಲಿ ಖಿನ್ನತೆ, ಆತಂಕ ಇಳಿದವು. ಅದೇ ಎರಡು ವರ್ಷದಲ್ಲಿ ಇಬ್ಬರು ಆತ್ಮಹತ್ಯೆ ಮಾಡಿಕೊಂಡರು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ.

ಮಗುವಿಗೆ ಹದಿನಾಲ್ಕು, ಹದಿನೈದು ವಯಸ್ಸಾಗಿದ್ದರೆ ಮೊದಲು ಮಕ್ಕಳ ಮನೋವೈದ್ಯರು, ಮನೆಯಲ್ಲಿ ಗೌರವ, ಶಾಲೆಯಲ್ಲಿ ಕೀಟಲೆ ನಿಲ್ಲಿಸುವುದು. ಜೊತೆಗೆ ಆಟಿಸಂ, ಖಿನ್ನತೆ, ಊಟದ ತೊಂದರೆ ಉಂಟಾ ಅಂತಲೂ ನೋಡಿಸಿ, ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಔಷಧದ ಮಾತು ಬಂದರೆ ಒಬ್ಬರ ಅಭಿಪ್ರಾಯದಲ್ಲಿ ನಿಲ್ಲಿಸಬೇಡಿ. ಮತ್ತೆ, "ದೊಡ್ಡವನಾದ ಮೇಲೆ ನೋಡುವ" ಅಂತ ಹೇಳಿ ಮಾತೇ ಮುಚ್ಚಬೇಡಿ. ಔಷಧಕ್ಕೆ ಕಾಯಬಹುದು, ಮಗುವಿನ ಮಾತು ಕೇಳಲು ಕಾಯಬಾರದು.

ಆಪರೇಷನ್

ವಯಸ್ಕರಿಗೆ ಮಾತ್ರ. ಎಲ್ಲರಿಗೂ ಬೇಡ. ತಮ್ಮ ಮಾಡಿಸಿದ್ದು ಎದೆಯ ಆಪರೇಷನ್ ಒಂದೇ, ಅಲ್ಲಿಗೆ ಅವನಿಗೆ ಸಾಕಾಯಿತು.

ಎದೆಯದ್ದರಲ್ಲಿ ಎರಡು ಬಗೆ. ಎದೆ ಚಿಕ್ಕದಿದ್ದರೆ ಮೊಲೆತೊಟ್ಟಿನ ಸುತ್ತ ಸಣ್ಣ ಗಾಯದಲ್ಲೇ ಮುಗಿಸಬಹುದು, ದೊಡ್ಡದಿದ್ದರೆ ಕೆಳಗೆ ಎರಡು ಉದ್ದ ಗಾಯ. ಚಿಕ್ಕ ಗಾಯ ಬೇಕು ಅಂತ ಹಟ ಮಾಡಿದರೆ ಆಕಾರ ಕೆಟ್ಟು ಮತ್ತೊಮ್ಮೆ ಮಲಗಬೇಕಾಗಬಹುದು. ಟ್ರಾನ್ಸ್ ಮಹಿಳೆಯರಲ್ಲಿ ವೃಷಣ ತೆಗೆಯುವುದು ಚಿಕ್ಕ ಆಪರೇಷನ್, ಆಮೇಲೆ ಟೆಸ್ಟೋಸ್ಟಿರೋನ್ ತಗ್ಗಿಸುವ ಮಾತ್ರೆ ಬೇಡ. ಯೋನಿ ರಚನೆ ದೊಡ್ಡದು. ಆದ ಮೇಲೆ ತಿಂಗಳುಗಟ್ಟಲೆ ದಿನಕ್ಕೆ ಹಲವು ಸಲ ಡೈಲೇಟರ್ (ಹೊಸ ದಾರಿ ಮುಚ್ಚಿಹೋಗದ ಹಾಗೆ ಒಳಗೆ ಇಡುವ ಸಾಧನ) ಬಳಸಬೇಕು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಇಲ್ಲದ ಮನೆಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಮೊದಲೇ ಯೋಚಿಸಿ. ಲಿಂಗ ರಚನೆ ಹಲವು ಹಂತದ್ದು, ಮೂತ್ರದ ದಾರಿಯ ತೊಂದರೆಗಳು ಸಾಮಾನ್ಯ. ಅಂಡಾಶಯ ಅಥವಾ ವೃಷಣ ತೆಗೆಸಿದವರು ಹಾರ್ಮೋನ್ ಬಿಡುವ ಹಾಗಿಲ್ಲ, ಎಲುಬು ಸವೆಯುತ್ತದೆ. ಗರ್ಭಕೊರಳು ಉಳಿದಿದ್ದರೆ ಅಲ್ಲಿನ ಕ್ಯಾನ್ಸರ್ ನೋಡುವ ಪ್ಯಾಪ್ ಪರೀಕ್ಷೆ ಟ್ರಾನ್ಸ್ ಗಂಡಸಿಗೂ ಬೇಕು.

ಟ್ರಾನ್ಸ್ ಸಮುದಾಯದ ಒಳಗೆ ಡಾಕ್ಟರಿಲ್ಲದೆ ಮಾಡುವ 'ನಿರ್ವಾಣ' (ಲಿಂಗ, ವೃಷಣ ಕತ್ತರಿಸಿ ತೆಗೆಯುವ ಆಚರಣೆ) ಇನ್ನೂ ಪೂರ್ತಿ ನಿಂತಿಲ್ಲ. ಆ ನಂಬಿಕೆಗೆ ನಾನು ತಲೆಬಾಗುತ್ತೇನೆ. ಆದರೆ ರಕ್ತ ಸುರಿದು, ನಂಜಾಗಿ ಸತ್ತವರ ಮನೆಯವರಿಗೆ ಯಾರೂ ಉತ್ತರ ಕೊಡುವುದಿಲ್ಲ. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಈ ಆಪರೇಷನ್ ಉಚಿತವಾಗಿ ಮಾಡುತ್ತಾರೆ. ನಮ್ಮ ರಾಜ್ಯದಲ್ಲೂ ಕೇಳುವ ಹಕ್ಕು ನಮಗೆ ಉಂಟು, ಸರ್ಕಾರ ಈ ಚಿಕಿತ್ಸೆ ಒದಗಿಸಬೇಕು ಅಂತ ಟ್ರಾನ್ಸ್ ವ್ಯಕ್ತಿಗಳ ಹಕ್ಕುಗಳ 2019ರ ಕಾಯಿದೆಯ 15ನೇ ಸೆಕ್ಷನ್ ಹೇಳಿತು.

"ಆಮೇಲೆ ಪಶ್ಚಾತ್ತಾಪ ಆದರೆ?" ಅಮ್ಮ ಇದನ್ನು ನೂರು ಸಲ ಕೇಳಿದ್ದರು. ಆಮ್ಸ್ಟರ್‌ಡ್ಯಾಮಿನ ಆಸ್ಪತ್ರೆಯೊಂದು 1972ರಿಂದ 2015ರ ತನಕ ಬಂದ 6,793 ಮಂದಿಯ ಫೈಲ್ ತೆಗೆದು ನೋಡಿತು. ವೃಷಣ ತೆಗೆಸಿದ ಟ್ರಾನ್ಸ್ ಮಹಿಳೆಯರಲ್ಲಿ ಶೇ. 0.6, ಅಂಡಾಶಯ ತೆಗೆಸಿದ ಟ್ರಾನ್ಸ್ ಗಂಡಸರಲ್ಲಿ ಶೇ. 0.3 ಮಂದಿ ಪಶ್ಚಾತ್ತಾಪ ಹೇಳಿಕೊಂಡಿದ್ದರು. ತುಂಬಾ ಕಡಿಮೆ. ಆದರೆ ಮತ್ತೆ ಆಸ್ಪತ್ರೆಗೆ ಬಾರದೆ ಹೋದವರ ಮಾತು ಆ ಲೆಕ್ಕದಲ್ಲಿ ಇಲ್ಲ ಅಂತಲೂ ಅಮ್ಮನಿಗೆ ಹೇಳಿದೆ. ಅರ್ಧ ಹೇಳಿ ಒಪ್ಪಿಸುವುದು ನನಗೆ ಬೇಡವಾಗಿತ್ತು.

ಊರಿನ ಆಯ್ಕೆಗೆ ಬಂದರೆ, ಆಪರೇಷನ್ನಿಗೆ ಮಾತ್ರ ನಾನು ಹತ್ತಿರಕ್ಕಿಂತ ಅನುಭವ ನೋಡುತ್ತೇನೆ. "ಇಂಥದ್ದು ನೀವು ಎಷ್ಟು ಮಾಡಿದ್ದೀರಿ, ಮತ್ತೆ ತೆಗೆದು ಸರಿ ಮಾಡಬೇಕಾಗಿ ಬಂದದ್ದು ಎಷ್ಟು?" ಅಂತ ನೇರ ಕೇಳಿ. ಬೆಂಗಳೂರಿನಲ್ಲಿ ಮಾಡಿಸುವುದಾದರೆ ಡ್ರೈನ್ ಪೈಪ್ ತೆಗೆಯುವ ತನಕ ಅಲ್ಲೇ ಇರಿ. ಜೂನ್‌ನಿಂದ ಆಗಸ್ಟ್ ಬೇಡ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ, ಹೊಲಿಗೆ ಹಾಕಿದ ಎದೆ ಹಿಡಿದುಕೊಂಡು ಇಡೀ ರಾತ್ರಿ ಬಸ್ಸಿನಲ್ಲಿ ಕೂರಬೇಕಾಗುತ್ತದೆ.

ಹಣ, ಕಾಗದ

ಟ್ರಾನ್ಸ್ ವ್ಯಕ್ತಿಗಳ ಹಕ್ಕಿಗೆ ಕಾನೂನಿನ ಆಧಾರ ಇವು: 2014ರ ಎಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ 2019ರ ಕಾಯಿದೆ, 2020ರ ನಿಯಮಗಳು. ಈ ನಿಯಮಗಳಂತೆ ಗುರುತಿನ ಪತ್ರ ಕೊಡುವವರು ಜಿಲ್ಲಾಧಿಕಾರಿ, ಅರ್ಜಿ ಹಾಕುವುದು ರಾಷ್ಟ್ರೀಯ ಪೋರ್ಟಲ್‌ನಲ್ಲಿ. ನಿಯಮಗಳು ಬದಲಾಗುತ್ತಾ ಇರುತ್ತವೆ, ಹಾಗಾಗಿ ಅರ್ಜಿ ಹಾಕುವ ವಾರ ಉಡುಪಿಯವರು ಮಣಿಪಾಲದ ರಜತಾದ್ರಿಯ ಡಿಸಿ ಕಚೇರಿಯಲ್ಲಿ, ಮಂಗಳೂರಿನವರು ತಮ್ಮ ಡಿಸಿ ಕಚೇರಿಯಲ್ಲಿ ಈಗ ಯಾವ ದಾಖಲೆ ಬೇಕು ಅಂತ ಕೇಳಿಯೇ ಮುಂದುವರಿಯಿರಿ. ಆಯುಷ್ಮಾನ್ ಭಾರತ್‌ನಲ್ಲಿ 2022ರಲ್ಲಿ ಟ್ರಾನ್ಸ್ ವ್ಯಕ್ತಿಗಳಿಗಾಗಿ ಘೋಷಿಸಿದ 'ಟಿಜಿ ಪ್ಲಸ್' ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸಾ ವಿಮೆ, ಅದಕ್ಕೆ ಈ ಗುರುತಿನ ಪತ್ರವೇ ಆಧಾರ. ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಿನಲ್ಲಿ "ಇಲ್ಲಿ ಈ ಆಪರೇಷನ್ನಿಗೆ ನಡೆಯುತ್ತದಾ?" ಅಂತ ಅಡ್ಮಿಟ್ ಆಗುವ ಮುಂಚೆ ಕೇಳಿ. ಸ್ವಂತ ಹಣದಲ್ಲಿ ಮಾಡಿಸಿದರೆ ಡಾಕ್ಟರನ್ನು ನೀವೇ ಆರಿಸಬಹುದು, ಕಾಯುವುದೂ ಕಡಿಮೆ. ಆದರೆ ಸಾಲ ಮಾಡಿ ಓಡಬೇಡಿ. ಹಾರ್ಮೋನ್ ಖರ್ಚು ಜೀವನಪೂರ್ತಿ ಇರುತ್ತದೆ, ಸಾಲದ ಕಂತು ಅದರ ಮೇಲೆ ಕೂರಬಾರದು.

ಕೊನೆಗೆ ಫೈಲ್. ಆಸ್ಪತ್ರೆ ಯಾವುದೇ ಆಗಲಿ, ಫೈಲ್ ನಿಮ್ಮ ಕೈಯಲ್ಲಿ ಇರಲಿ. ನಮ್ಮದು ನೀಲಿ ಪ್ಲಾಸ್ಟಿಕ್ಕಿನದು, ರಬ್ಬರ್ ಪಟ್ಟಿಯದು. ರಕ್ತ ಪರೀಕ್ಷೆ ತಾರೀಕಿನ ಪ್ರಕಾರ, ಔಷಧದ ಚೀಟಿ ಬೇರೆ, ಅಲರ್ಜಿ ಕೆಂಪಕ್ಷರದಲ್ಲಿ. ಮೊದಲ ವರ್ಷ ಒಂದು ಒಪಿಡಿಯಲ್ಲಿ ತಮ್ಮನ ಹಳೆಯ ಹೆಸರನ್ನು ಜೋರಾಗಿ ಕೂಗಿದರು. ಗಡ್ಡ ಚಿಗುರುತ್ತಿದ್ದ ಹುಡುಗ ಎದ್ದು ನಿಂತಾಗ ಬೆಂಚಿನವರೆಲ್ಲ ತಿರುಗಿ ನೋಡಿದರು. ಅವನು ಒಳಗೆ ಹೋಗದೆ ಮನೆಗೆ ಬಂದುಬಿಟ್ಟ. ಆಮೇಲೆ ನಾನು ಫೈಲಿನ ಮೇಲೆ ಬಿಳಿ ಚೀಟಿ ಅಂಟಿಸಿ, "ದಯವಿಟ್ಟು ಈ ಹೆಸರಿನಿಂದ ಕರೆಯಿರಿ" ಅಂತ ಬರೆದು, ಕೆಳಗೆ ಅವನು ಇಟ್ಟುಕೊಂಡ ಹೆಸರು ದೊಡ್ಡದಾಗಿ ಬರೆದೆ. ಕೌಂಟರಿನಲ್ಲಿ ಕೊಡುವಾಗ ಆ ಚೀಟಿ ಮೇಲೆ ಕಾಣುವ ಹಾಗೆ ಕೊಡಿ. ಮುಂದಿನ ಸಲ ಸಿಸ್ಟರ್ ಅದನ್ನು ಓದಿ, ಅದೇ ಹೆಸರು ಕರೆದು, ಬಾಗಿಲು ಹಿಡಿದು ನಿಂತರು.